ಆಟದ ಕಟ್ಟಳೆ: ಲಾಘವವೂ ಸತ್ಯವೂ

ಮಣೆಯ ಮುಂದೆ ಕುಳಿತವರು ಹುಲಿಗಳಲ್ಲ, ಕುರಿಗಳಲ್ಲ, ದಂಡನಾಯಕರೂ ಅಲ್ಲ. ಆದರೂ ಆಟ ಮುಗಿಯುವವರೆಗೆ ತಮ್ಮನ್ನು ಹಾಗೆಂದೇ ಭಾವಿಸಿಕೊಳ್ಳುವರು. ಎದುರಾಳಿಯು ಕಾಯಿಯೊಂದನ್ನು ಕಡಿದಾಗ ಎದೆ ಧಸಕ್ಕೆನ್ನುವುದು. ಅದೇ ಕಾಯಿ ಸುತ್ತಿ ಬಂದು ಹಣ್ಣಾದಾಗ ಮನಸ್ಸು ಹಿಗ್ಗುವುದು. ಒಂದು ಮರದ ಹಲಗೆಯೂ ನಾಲ್ಕು ಕವಡೆಗಳೂ ನಮ್ಮನ್ನು ಒಂದು ಗಳಿಗೆಯಾದರೂ ಬೇರೊಂದು ಲೋಕಕ್ಕೆ ಕೊಂಡೊಯ್ಯಬೇಕಾದರೆ, ಆ ಲೋಕಕ್ಕೂ ನಾವು ಬಾಳುವ ಲೋಕಕ್ಕೂ ಎಷ್ಟು ಹೋಲಿಕೆಯಿರಬೇಕು? ಹೋಲಿಕೆ ಹೆಚ್ಚಿದಷ್ಟೂ ಆಟ ಚೆನ್ನೆ? ಅಥವಾ ಕಟ್ಟಳೆಗಳು ಕಡಿಮೆಯಾದಷ್ಟೂ ಚೆನ್ನೆ? ಈ ಪ್ರಶ್ನೆ ಮೇಲುನೋಟಕ್ಕೆ ಬಾಲಿಶವೆಂದು ತೋರಬಹುದು. ಆದರೆ ಮನೆಯಲ್ಲಿ ಮೂರು ತಲೆಮಾರಿನವರು ಒಂದೆಡೆ ಕುಳಿತು ಕಳೆಯುವ ಹೊತ್ತು ದಿನದಿನಕ್ಕೆ ಕಡಿಮೆಯಾಗುತ್ತಿರುವ ಈ ಕಾಲದಲ್ಲಿ, ಯಾವ ಆಟವು ಎಲ್ಲರನ್ನೂ ಕೂಡಿಸುವುದು, ಯಾವುದು ಕೆಲವರನ್ನು ಎಬ್ಬಿಸಿ ಕಳುಹಿಸುವುದು ಎಂಬುದು ಗೃಹಸ್ಥರು ಆಲೋಚಿಸತಕ್ಕ ವಿಷಯವೇ ಸರಿ.

ನಮ್ಮ ಅರಕಲಗೂಡಿನ ಕಡೆಯ ಮನೆಗಳಲ್ಲಿ ಶಿವರಾತ್ರಿಯ ಜಾಗರಣೆಗೆ ಪಗಡೆಯ ಹಾಸನ್ನೂ ಅಳಗುಳಿಮಣೆಯನ್ನೂ ಅಟ್ಟದಿಂದ ಇಳಿಸುವ ವಾಡಿಕೆಯುಂಟು. ಈಚೆಗೆ ಅದೇ ಜಗಲಿಗೆ ಮತ್ತೊಂದು ಬಗೆಯ ಆಟವೂ ಬರತೊಡಗಿದೆ. ಬೆಂಗಳೂರು ಮೈಸೂರುಗಳಲ್ಲಿ ಓದುವ ತರುಣರು ರಜೆಗೆ ಬರುವಾಗ ಇದನ್ನು ಚೀಲದಲ್ಲಿ ತರುವರು. ಇದಕ್ಕೆ ಅವರು ಹೇಳುವ ಹೆಸರು ರೋಲ್ ಪ್ಲೇಯಿಂಗ್ ಗೇಮ್ ಎಂದು. ನಾವು ಪಾತ್ರದಾಟವೆಂದು ಕರೆಯೋಣ. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತು, ಒಬ್ಬನು ವೀರ, ಒಬ್ಬಳು ವೈದ್ಯೆ, ಮತ್ತೊಬ್ಬನು ಕಳ್ಳ, ಇನ್ನೊಬ್ಬಳು ಮಂತ್ರವಾದಿ ಎಂದು ಪಾತ್ರಗಳನ್ನು ಹಂಚಿಕೊಳ್ಳುವರು. ಉಳಿದ ಒಬ್ಬನು ಸೂತ್ರಧಾರ. “ಎದುರಿಗೆ ಹೊಳೆ ತುಂಬಿ ಹರಿಯುತ್ತಿದೆ, ಆಚೆ ದಡದಲ್ಲಿ ಬೆಳಕು ಕಾಣುತ್ತಿದೆ, ಏನು ಮಾಡುವಿರಿ?” ಎಂದು ಅವನು ಕೇಳುವನು. ಆಡುವವರು ತಮ್ಮ ತಮ್ಮ ಪಾತ್ರಕ್ಕೆ ತಕ್ಕಂತೆ ಉತ್ತರ ಹೇಳುವರು. ಆಗುವುದೋ ಆಗದೋ ಎಂಬ ಸಂದೇಹ ಬಂದ ಕಡೆ ದಾಳ ಉರುಳುವುದು. ಗೆಲವು ಸೋಲುಗಳಿಗಿಂತ ಕಥೆ ಮುಂದುವರಿಯುವುದೇ ಈ ಆಟದ ಫಲ.

ಹೇಮಾವತಿ ಕಾವೇರಿಗಳ ನಡುವಣ ನಮ್ಮ ಸೀಮೆಯವರಿಗೆ ತುಂಬಿದ ಹೊಳೆಯೆಂದರೇನೆಂದು ವಿವರಿಸಬೇಕಾಗಿಲ್ಲ. ಅದನ್ನು ದಾಟುವುದಕ್ಕೆ ಕಟ್ಟಳೆ ಮಾಡುವ ಬಗೆ ಹೇಗೆ? ಈಜುವವನ ಮೈತೂಕ, ಬೆನ್ನ ಮೇಲಣ ಗಂಟಿನ ತೂಕ, ನೀರಿನ ಸೆಳವು, ತಳದ ಮರಳು, ಮೈಯ ದಣಿವು ಇವೆಲ್ಲಕ್ಕೂ ಒಂದೊಂದು ಅಂಕವನ್ನಿಟ್ಟು, ಕೂಡಿ ಕಳೆದು, ಕೋಷ್ಟಕ ನೋಡಿ ತೀರ್ಪು ಹೇಳಬಹುದು. ಇಲ್ಲವೆ ಒಂದೇ ಸಲ ದಾಳ ಹಾಕಿ, ದಾಟಿದನು ಅಥವಾ ದಾಟಲಿಲ್ಲ ಎಂದು ಮುಗಿಸಬಹುದು. ಮೊದಲನೆಯದು ದಿಟಕ್ಕೆ ಹತ್ತಿರ, ಆದರೆ ಲೆಕ್ಕ ಮುಗಿಯುವ ಹೊತ್ತಿಗೆ ಅಜ್ಜಿ ತೂಕಡಿಸುತ್ತಿರುವಳು. ಎರಡನೆಯದು ಸುಲಭ, ಆದರೆ ಹೊಳೆಗೂ ಚರಂಡಿಗೂ ಭೇದವಿಲ್ಲದಂತಾಗುವುದು. ಪಾತ್ರದಾಟಗಳನ್ನು ಕಟ್ಟುವವರು ಐವತ್ತು ವರ್ಷಗಳಿಂದ ಚರ್ಚಿಸುತ್ತಿರುವುದು ಈ ಎರಡರ ನಡುವಣ ಹದವನ್ನೇ.

ಈ ಚರ್ಚೆಗೆ ನಮ್ಮ ಶಾಸ್ತ್ರಗಳಲ್ಲಿ ಹಳೆಯ ಹೆಸರುಗಳಿವೆ. ಭರತನ ನಾಟ್ಯಶಾಸ್ತ್ರವು ಅಭಿನಯದ ರೂಢಿಯನ್ನು ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡಾಗಿ ಹೇಳುವುದು. ಜನರು ಬಾಳಿನಲ್ಲಿ ನಡೆದುಕೊಳ್ಳುವಂತೆಯೇ ರಂಗದ ಮೇಲೂ ನಡೆದುಕೊಂಡರೆ ಅದು ಲೋಕಧರ್ಮಿ. ಸಂಕೇತದಿಂದ ತೋರಿಸಿದರೆ ನಾಟ್ಯಧರ್ಮಿ. ಬಯಲಾಟದಲ್ಲಿ ವೇಷಧಾರಿ ರಂಗವನ್ನು ಒಂದು ಸುತ್ತು ಸುತ್ತಿದನೆಂದರೆ ಅಯೋಧ್ಯೆಯಿಂದ ಕಾಡಿಗೆ ಬಂದನೆಂದು ನಾವು ಒಪ್ಪುತ್ತೇವೆ. ಗಾವುದಗಳನ್ನು ಎಣಿಸಿ ನಡೆಯೆಂದು ಯಾರೂ ಕೇಳುವುದಿಲ್ಲ. ಇನ್ನು ತರ್ಕ ವ್ಯಾಕರಣಗಳಲ್ಲಿ ಲಾಘವ, ಗೌರವ ಎಂಬ ಮಾತುಗಳಿವೆ. ಕಡಿಮೆ ಮಾತಿನಿಂದ ಆಗುವ ಕೆಲಸಕ್ಕೆ ಹೆಚ್ಚು ಮಾತು ಬಳಸಿದರೆ ಅದು ಗೌರವವೆಂಬ ದೋಷ. ಅರ್ಧ ಮಾತ್ರೆ ಉಳಿತಾಯವಾದರೂ ವೈಯಾಕರಣರಿಗೆ ಮನೆಯಲ್ಲಿ ಗಂಡುಮಗು ಹುಟ್ಟಿದಷ್ಟು ಸಂಭ್ರಮವೆಂದು ಪಂಡಿತರಲ್ಲಿ ಒಂದು ವಿನೋದವುಂಟು. ಆದರೆ ಆ ಸಂಭ್ರಮಕ್ಕೂ ಒಂದು ಷರತ್ತಿದೆ. ಪಾಣಿನಿಯು ಸುಮಾರು ೪೦೦೦ ಸೂತ್ರಗಳಲ್ಲಿ ಒಂದು ಭಾಷೆಯನ್ನೆಲ್ಲ ಹಿಡಿದಿಟ್ಟದ್ದು ನಿಜ; ಆದರೆ ಸಿದ್ಧಿಸಬೇಕಾದ ರೂಪವು ಸಿದ್ಧಿಸದೆ ಹೋದರೆ ಸೂತ್ರ ಎಷ್ಟು ಚಿಕ್ಕದಾಗಿದ್ದರೇನು ಪ್ರಯೋಜನ? ಚಿಕ್ಕದಾಗಿರುವುದು ಗುಣ, ಹೇಳಬೇಕಾದುದನ್ನು ಬಿಟ್ಟು ಚಿಕ್ಕದಾಗುವುದು ಅವ್ಯಾಪ್ತಿಯೆಂಬ ದೋಷ. ಆಟದ ಕಟ್ಟಳೆಗೂ ಈ ಅಳತೆಯೇ ಸಲ್ಲುವುದೆಂದು ನಮ್ಮ ಅಭಿಪ್ರಾಯ.

ಮೊದಲು ನಮ್ಮ ಊರಿನ ಆಟಗಳನ್ನೇ ನೋಡೋಣ. ಹುಲಿಕುರಿಯಾಟವನ್ನು ಬಲ್ಲವರು ಅನೇಕರಿರಬಹುದು. ಹಂಪೆಯ ದೇವಾಲಯಗಳ ಹಾಸುಗಲ್ಲುಗಳ ಮೇಲೆ ಕೊರೆದ ಆಟದ ಮನೆಗಳನ್ನು ಇಂದಿಗೂ ಕಾಣಬಹುದು. ರೂಢಿಯಲ್ಲಿರುವ ಒಂದು ಬಗೆಯಲ್ಲಿ ೩ ಹುಲಿ, ೧೫ ಕುರಿ, ಗೆರೆಗಳು ಕೂಡುವ ೨೩ ನೆಲೆಗಳು. ಕುರಿಗಳನ್ನು ಒಂದೊಂದಾಗಿ ಇಡುತ್ತ ಬರಬೇಕು. ಪಕ್ಕದ ಕುರಿಯ ಆಚೆಯ ನೆಲೆ ಬರಿದಾಗಿದ್ದರೆ ಹುಲಿ ಅದರ ಮೇಲೆ ಹಾರಿ ಅದನ್ನು ತೆಗೆಯುವುದು. ಹುಲಿಗಳಿಗೆ ಅಲುಗಲು ಎಡೆಯಿಲ್ಲದಂತೆ ಕುರಿಗಳು ಸುತ್ತುಗಟ್ಟಿದರೆ ಗೆಲವು ಕುರಿಗಳದು. ಕಟ್ಟಳೆಯೆಲ್ಲ ಇಷ್ಟೆ; ಆರು ವರ್ಷದ ಮಗುವಿಗೆ ಕಾಫಿ ಆರುವಷ್ಟರಲ್ಲಿ ಕಲಿಸಬಹುದು.

ಈ ಆಟದಲ್ಲಿ ಕಾಡಿನ ಎಷ್ಟೋ ಸಂಗತಿಗಳಿಲ್ಲ. ಹುಲಿಗೆ ಹಸಿವಿಲ್ಲ, ರಾತ್ರಿಯಿಲ್ಲ, ಗಾಳಿಯಿಲ್ಲ, ಕುರುಬನಿಲ್ಲ, ನಾಯಿಯಿಲ್ಲ. ದಿಟದಲ್ಲಿ ಹದಿನೈದು ಕುರಿಗಳು ಸೇರಿ ಹುಲಿಯನ್ನು ಕಟ್ಟಿಹಾಕಿದ್ದನ್ನು ಯಾರೂ ಕಂಡಿಲ್ಲ. ಆದರೂ ಇದು ಸುಳ್ಳಾಟವೆಂದು ನಮಗೆ ತೋರುವುದಿಲ್ಲ. ಏಕೆಂದರೆ ಒಂಟಿಯಾದುದು ಅಳಿಯುವುದು, ಬೆನ್ನಿಗೆ ಒಬ್ಬರಿರುವುದು ಉಳಿಯುವುದು ಎಂಬ ಒಂದು ಸತ್ಯವನ್ನು ಅದು ಬಿಗಿಯಾಗಿ ಹಿಡಿದಿದೆ. ಕುರಿಯ ಹಿಂದಣ ನೆಲೆ ಬರಿದೋ ತುಂಬಿದೆಯೋ ಎಂಬುದೊಂದೇ ಅಲ್ಲಿ ಸಾವುಬದುಕಿನ ಲೆಕ್ಕ. ಆಡುವವನು ಪ್ರತಿ ಸಲವೂ ಆ ಒಂದನ್ನೇ ಆಲೋಚಿಸಬೇಕು. ಮಿಕ್ಕುದನ್ನೆಲ್ಲ ಬಿಟ್ಟದ್ದರಿಂದಲೇ ಆ ಒಂದು ಸತ್ಯ ಎದ್ದು ಕಾಣುವುದು.

ಚೌಕಾಬಾರದಲ್ಲಿಯೂ ಹೀಗೆಯೆ. ಐದೈದರ ೨೫ ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಕವಡೆ ಸಿಗದಿದ್ದರೆ ಹುಣಸೆಬೀಜವನ್ನು ಒಂದು ಮಗ್ಗುಲು ತೇಯ್ದರೆ ಸಾಕು. ಬಿದ್ದ ಲೆಕ್ಕ ದೈವಾಧೀನ. ಆ ಲೆಕ್ಕದಿಂದ ಯಾವ ಕಾಯಿಯನ್ನು ನಡೆಸಬೇಕೆಂಬುದು ನಮ್ಮ ಕೈಯಲ್ಲಿದೆ. ದೈವ, ಪುರುಷಕಾರ ಎಂದು ಪಂಡಿತರು ವಾದಿಸುವ ವಿಷಯವೆಲ್ಲ ಇಲ್ಲಿ ಒಂದು ಮುಷ್ಟಿಯಲ್ಲಿ ಅಡಗಿದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗಕೂಡದೆಂಬ ಕಟ್ಟಳೆ ಹಲವು ಮನೆಗಳಲ್ಲಿದೆ. ಈ ಒಂದು ಸಾಲು ಸೇರಿದೊಡನೆ, ಅಂಜಿ ಮೂಲೆಯಲ್ಲಿ ಕುಳಿತು ಗೆಲ್ಲುವ ಉಪಾಯ ಇಲ್ಲವಾಗುವುದು. ಕಟ್ಟಳೆಯೊಂದು ಹೆಚ್ಚಾದರೂ ಅದು ಗೌರವದೋಷವಲ್ಲ. ಆಡುವವನ ಆಲೋಚನೆಯನ್ನು ಬದಲಾಯಿಸಿತಾದ್ದರಿಂದ ತನ್ನ ಕೂಲಿಯನ್ನು ತಾನೇ ದುಡಿದುಕೊಂಡಿತು.

ಇದಕ್ಕೆ ಎದುರಾದ ನಿದರ್ಶನ ಮೈಸೂರಿನ ಅರಮನೆಯಲ್ಲಿ ದೊರೆಯುವುದು. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಆಟಗಳಲ್ಲಿ ಅಪಾರ ಆಸಕ್ತಿಯುಳ್ಳ ಪ್ರಭುಗಳು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಆಟಗಳಿಗಾಗಿಯೇ ಮೀಸಲಾದುದು. ಆಗ ದೇಶದಲ್ಲಿ ಗಂಜೀಫಾ ಎಂಬ ದುಂಡನೆಯ ಎಲೆಗಳ ಆಟ ಬಳಕೆಯಲ್ಲಿತ್ತು. ಮೊಗಲರ ಬಗೆಯಲ್ಲಿ ೮ ಬಣ್ಣಗಳ ೯೬ ಎಲೆಗಳು. ದಶಾವತಾರದ ಬಗೆಯಲ್ಲಿ ೧೦ ಬಣ್ಣಗಳ ೧೨೦ ಎಲೆಗಳು. ಒಡೆಯರು ಇವುಗಳಿಂದ ತೃಪ್ತರಾಗದೆ ಛದವೆಂಬ ಹೆಸರಿನ ಹೊಸ ಆಟಗಳನ್ನು ರಚಿಸಿದರು. ಒಂದೊಂದು ಬಣ್ಣದಲ್ಲಿ ಸಾಮಾನ್ಯವಾಗಿ ೧೨ ಅಂಕದ ಎಲೆಗಳು, ೬ ಮೂರ್ತಿಯ ಎಲೆಗಳು. ಕೆಲವು ಆಟಗಳಲ್ಲಿ ಬಣ್ಣಗಳು ೧೮ರವರೆಗೆ, ಎಲೆಗಳು ೩೬೦ರವರೆಗೆ ಬೆಳೆದವು. ದೇವತೆಗಳೂ ಪರಿವಾರವೂ ಗ್ರಹಗಳೂ ತುಂಬಿದ ಆ ಎಲೆಗಳನ್ನು ನೋಡುವುದೇ ಒಂದು ಹಬ್ಬ. ಆದರೆ ಆ ಆಟಗಳು ಅರಮನೆಯ ಹೊಸ್ತಿಲನ್ನು ದಾಟಿ ಜನರ ಮನೆಗಳಿಗೆ ಬರಲಿಲ್ಲ. ಎಲೆಗಳು ಇಂದು ಚಿತ್ರಕಲೆಯ ಮಾದರಿಗಳಾಗಿ ಉಳಿದಿವೆಯೇ ಹೊರತು ಆಡುವವರ ಕೈಯಲ್ಲಿಲ್ಲ. ಬ್ರಹ್ಮಾಂಡವನ್ನೆಲ್ಲ ಎಲೆಯ ಕಟ್ಟಿನಲ್ಲಿ ಕೂಡಿಸಬೇಕೆಂಬ ಹಂಬಲ ದೊಡ್ಡದು. ಆದರೆ ಕೈಯಲ್ಲಿ ಹಿಡಿಯುವ ಎಲೆಗೂ ತಲೆಯಲ್ಲಿ ಹಿಡಿಯುವ ಕಟ್ಟಳೆಗೂ ಒಂದು ಮಿತಿಯುಂಟಷ್ಟೆ.

ಅದೇ ಗಂಜೀಫಾದಲ್ಲಿ ಲೋಕವನ್ನು ಒಳಕ್ಕೆ ಕರೆದುಕೊಳ್ಳುವ ಒಂದು ಚೆಲುವಾದ ಕಟ್ಟಳೆಯೂ ಇದೆ. ದಶಾವತಾರದ ಆಟವನ್ನು ಹಗಲಿನಲ್ಲಿ ಆಡಿದರೆ ರಾಮನ ಎಲೆ ಹಿಡಿದವನು ಮೊದಲು ಆಡಬೇಕು. ರಾತ್ರಿಯಲ್ಲಾದರೆ ಕೃಷ್ಣನ ಎಲೆ ಹಿಡಿದವನು ಮೊದಲು. ಮೊಗಲರ ಬಗೆಯಲ್ಲಿ ಹಗಲು ಸೂರ್ಯನ ಬಣ್ಣಕ್ಕೂ ಇರುಳು ಚಂದ್ರನ ಬಣ್ಣಕ್ಕೂ ಆ ಮರ್ಯಾದೆ. ಇದಕ್ಕೆ ಕೋಷ್ಟಕ ಬೇಡ, ಗುಣಾಕಾರ ಬೇಡ. ಕಿಟಕಿಯ ಹೊರಗೆ ಒಮ್ಮೆ ನೋಡಿದರೆ ಮುಗಿಯಿತು. ಆಕಾಶದ ಸೂರ್ಯನು ಆಟದೊಳಗೆ ಬಂದು ಕುಳಿತನು. ಖರ್ಚಿಲ್ಲದೆ ಬರುವ ಇಂತಹ ಹೋಲಿಕೆಯನ್ನು ಯಾವ ಆಟವೂ ಬೇಡವೆನ್ನಬಾರದು.

ಇನ್ನು ಪಾತ್ರದಾಟದ ವಂಶವನ್ನು ವಿಚಾರಿಸೋಣ. ಅದರ ಮೂಲವನ್ನು ಹುಡುಕುತ್ತ ಹೋದರೆ ನಮ್ಮ ಚದುರಂಗವೇ ಎದುರಾಗುವುದು. ಚತುರಂಗಬಲವನ್ನು ಮಣೆಯ ಮೇಲೆ ಹೂಡುವ ಆ ಆಟ ಯೂರೋಪಿಗೆ ಹೋಗಿ ಬಹುಕಾಲವಾದ ಮೇಲೆ, ಪ್ರಷ್ಯಾ ದೇಶದ ಸೇನಾಧಿಕಾರಿಗಳು ಅದನ್ನು ದಿಟವಾದ ಯುದ್ಧಕ್ಕೆ ಹತ್ತಿರ ತರಬೇಕೆಂದು ಯತ್ನಿಸಿದರು. ೧೮೨೪ರಲ್ಲಿ ರೈಸ್‌ವಿಟ್ಸ್ ಎಂಬ ಯುವ ಅಧಿಕಾರಿ ತನ್ನ ತಂದೆ ಆರಂಭಿಸಿದ ಆಟವನ್ನು ತಿದ್ದಿ ಪ್ರಕಟಿಸಿದನು. ಚೌಕಗಳ ಮಣೆಯ ಬದಲು ಭೂಪಟ, ಕುದುರೆ ಆನೆಗಳ ಬದಲು ದಳಗಳನ್ನು ಸೂಚಿಸುವ ತುಂಡುಗಳು, ಗುಂಡಿನ ಪೆಟ್ಟಿಗೆ ದಾಳ ಮತ್ತು ಕೋಷ್ಟಕ, ಎರಡು ಪಕ್ಷಗಳ ನಡುವೆ ಒಬ್ಬ ಮಧ್ಯಸ್ಥ. ಒಂದು ಸರದಿಯೆಂದರೆ ಯುದ್ಧದ ಎರಡು ನಿಮಿಷ. ಸೇನೆಯ ತರುಣರ ಶಿಕ್ಷಣಕ್ಕೆ ಅದು ತುಂಬ ಉಪಯೋಗವಾಯಿತು. ಆದರೆ ಕಾಲಕ್ರಮದಲ್ಲಿ ಕೋಷ್ಟಕಗಳು ಬೆಳೆದು, ಲೆಕ್ಕ ಹಾಕುವುದೇ ಯುದ್ಧಕ್ಕಿಂತ ದೀರ್ಘವಾಗತೊಡಗಿತು. ಆಗ, ೧೮೭೬ರಲ್ಲಿ, ಫೆರ್ಡಿ ದು ವೆರ್ನ್ವಾ ಎಂಬ ಸೇನಾನಿ ಬೇರೊಂದು ಮಾರ್ಗವನ್ನು ಸೂಚಿಸಿದನು: ಕೋಷ್ಟಕಗಳನ್ನು ಬದಿಗಿಟ್ಟು, ರಣರಂಗವನ್ನು ಕಂಡ ಅನುಭವಿಯಾದ ಮಧ್ಯಸ್ಥನು ತನ್ನ ವಿವೇಕದಿಂದಲೇ ತೀರ್ಪು ಹೇಳಲಿ ಎಂದು. ಕಟ್ಟಳೆ ಕಡಿಮೆಯಾಯಿತು, ಆದರೆ ಮಧ್ಯಸ್ಥನ ಹೊಣೆ ಹೆಚ್ಚಿತು.

ಇದೇ ಉಯ್ಯಾಲೆ ಮುಂದೆ ಅಮೆರಿಕದಲ್ಲಿಯೂ ತೂಗಿತು. ೧೯೭೪ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಪಾತ್ರದಾಟವನ್ನು ಹೊರತಂದರು. ಯುದ್ಧದಾಟದ ದಳದ ಬದಲು ಒಬ್ಬೊಬ್ಬನಿಗೆ ಒಂದೊಂದು ಪಾತ್ರ. ಪಾತ್ರಕ್ಕೆ ಪ್ರಾಣದ ಅಂಕಗಳು. ಪೆಟ್ಟು ಬಿದ್ದಾಗ ಅಂಕ ಇಳಿಯುವುದು, ಸೊನ್ನೆಗಿಳಿದರೆ ಪಾತ್ರ ಬೀಳುವುದು. ಇದು ಲಘುವಾದ ಲೆಕ್ಕವೇನೋ ಸರಿ, ಆದರೆ ಹತ್ತು ಕತ್ತಿಯೇಟು ತಿಂದವನೂ ಒಂದು ಅಂಕ ಉಳಿದಿದ್ದರೆ ಆರೋಗ್ಯವಂತನಂತೆ ಓಡಾಡುವುದು ವಿಚಿತ್ರವೆಂದು ಕೆಲವರು ಆಕ್ಷೇಪಿಸಿದರು. ೧೯೭೮ರಲ್ಲಿ ಬಂದ ರೂನ್‌ಕ್ವೆಸ್ಟ್ ಎಂಬ ಆಟದಲ್ಲಿ ಮೈಯನ್ನು ತಲೆ, ಎದೆ, ಹೊಟ್ಟೆ, ಎರಡು ತೋಳು, ಎರಡು ಕಾಲು ಎಂದು ಏಳು ಭಾಗ ಮಾಡಿ, ಒಂದೊಂದಕ್ಕೂ ಬೇರೆ ಬೇರೆ ಅಂಕವನ್ನಿಟ್ಟರು. ಕಾಲಿಗೆ ಪೆಟ್ಟಾದವನು ಕುಂಟುವನು, ತೋಳಿಗೆ ಪೆಟ್ಟಾದವನು ಕತ್ತಿ ಬೀಳಿಸುವನು. ಇದು ದಿಟಕ್ಕೆ ಹತ್ತಿರ. ಆದರೆ ಹತ್ತು ಮಂದಿಯ ಕಾಳಗದಲ್ಲಿ ಎಪ್ಪತ್ತು ಲೆಕ್ಕಗಳನ್ನು ಬರೆದಿಡಬೇಕಾಗುವುದು.

ಈ ವ್ಯಾಜ್ಯದಲ್ಲಿ ನಮಗೆ ಬಲು ಮೆಚ್ಚಿಗೆಯಾದ ಪರಿಹಾರ ೨೦೧೪ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸಿನ ಐದನೆಯ ಆವೃತ್ತಿಯೊಡನೆ ಬಂದುದು. ಅದಕ್ಕೆ ಹಿಂದಿನ ಆವೃತ್ತಿಗಳಲ್ಲಿ ಕತ್ತಲೆಗಿಷ್ಟು, ಎತ್ತರಕ್ಕಿಷ್ಟು, ಜೊತೆಗಾರನಿದ್ದರಿಷ್ಟು ಎಂದು ಸಣ್ಣ ಸಣ್ಣ ಅಂಕಗಳನ್ನು ಕೂಡಿಸಿ ಕಳೆಯಬೇಕಾಗಿತ್ತು. ಹೊಸ ಕಟ್ಟಳೆ ಅವುಗಳಲ್ಲಿ ಬಹುಪಾಲನ್ನು ಒಂದೇ ಮಾತಿಗೆ ಇಳಿಸಿತು: ಸನ್ನಿವೇಶ ಅನುಕೂಲವಾಗಿದ್ದರೆ ದಾಳವನ್ನು ಎರಡು ಸಲ ಹಾಕಿ ಹೆಚ್ಚಿನದನ್ನು ಹಿಡಿ, ಪ್ರತಿಕೂಲವಾಗಿದ್ದರೆ ಎರಡು ಸಲ ಹಾಕಿ ಕಡಿಮೆಯದನ್ನು ಹಿಡಿ. ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ; ಆದರೂ ಅನುಕೂಲದ ಬಲ ಕಣ್ಣಿಗೆ ಕಾಣುವುದು. ಇದನ್ನು ಲಾಘವವೆಂದೇ ಹೇಳಬೇಕು.

ಪಾತ್ರ ವಹಿಸಿ ಕುಳಿತು ಆಡುವುದನ್ನು ಅಮೆರಿಕದವರಿಂದಲೇ ಕಲಿಯಬೇಕಾಗಿದೆಯೆಂದು ಯಾರೂ ಭಾವಿಸಬಾರದು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕಾಸರಗೋಡುಗಳಲ್ಲಿ ತಾಳಮದ್ದಳೆಯೆಂಬ ಕಲೆಯುಂಟು. ಯಕ್ಷಗಾನದ ಪ್ರಸಂಗವೇ ಅದಕ್ಕೂ ಆಧಾರ; ಆದರೆ ವೇಷವಿಲ್ಲ, ಕುಣಿತವಿಲ್ಲ, ಕಿರೀಟವಿಲ್ಲ. ಪಂಚೆಯುಟ್ಟು ಕುಳಿತ ಅರ್ಥಧಾರಿಗಳು ಕೃಷ್ಣನೂ ಕರ್ಣನೂ ಆಗಿ, ಬರೆದಿಟ್ಟ ಮಾತಿಲ್ಲದೆ, ಆ ಕ್ಷಣಕ್ಕೆ ಹೊಳೆದ ಮಾತುಗಳಿಂದ ವಾದಿಸುವರು. ಶೇಣಿ ಗೋಪಾಲಕೃಷ್ಣ ಭಟ್ಟರಂತಹವರು ಈ ಮಾತುಗಾರಿಕೆಯಿಂದಲೇ ನಾಡಿನಲ್ಲಿ ಪ್ರಸಿದ್ಧರಾದರು. ಅಲ್ಲಿ ಕಟ್ಟಳೆ ಸ್ವಲ್ಪವೆ: ಭಾಗವತನು ಹಾಡಿದ ಪದ್ಯದ ಅರ್ಥವನ್ನು ಬಿಟ್ಟು ಕಥೆ ಹೊರಳಬಾರದು, ಪಾತ್ರದ ಮರ್ಯಾದೆ ಕೆಡಬಾರದು. ವಾದದಲ್ಲಿ ಎದುರಾಳಿಯನ್ನು ನಿರುತ್ತರಗೊಳಿಸಿದರೂ ಪ್ರಸಂಗದಲ್ಲಿ ಸೋಲತಕ್ಕವನು ಸೋಲಲೇಬೇಕು. ಕಣ್ಣಿಗೆ ಕಾಣುವ ದಿಟವೆಲ್ಲವನ್ನೂ ಬಿಟ್ಟುಕೊಟ್ಟು ಮನಸ್ಸಿನ ದಿಟವೊಂದನ್ನು ಉಳಿಸಿಕೊಂಡ ಕಲೆ ಇದು. ಪಾತ್ರದಾಟದ ಸೂತ್ರಧಾರನಿಗೆ ಭಾಗವತನಿಗಿಂತ ಒಳ್ಳೆಯ ಗುರು ದೊರೆಯಲಾರನು.

ಹಾಗಾದರೆ ಕಟ್ಟಳೆಯನ್ನೆಲ್ಲ ಸೂತ್ರಧಾರನ ವಿವೇಕಕ್ಕೆ ಬಿಟ್ಟರೆ ಸಾಲದೆ? ಸಾಲದು. ಇದಕ್ಕೆ ಮಹಾಭಾರತದ ದ್ಯೂತಸಭೆಯೇ ಸಾಕ್ಷಿ. ತನ್ನನ್ನೇ ಪಣವಾಗಿಟ್ಟು ಸೋತವನಿಗೆ ಆಮೇಲೆ ಹೆಂಡತಿಯನ್ನು ಪಣವಾಗಿಡುವ ಅಧಿಕಾರವುಂಟೆ ಎಂದು ದ್ರೌಪದಿ ಕೇಳಿದಳು. ಒಂದು ದೃಷ್ಟಿಯಿಂದ ನೋಡಿದರೆ ಅದು ಆಟದ ಕಟ್ಟಳೆಯ ಪ್ರಶ್ನೆ. ಯಾವುದನ್ನು ಪಣವಿಡಬಹುದು, ಎಲ್ಲಿಗೆ ನಿಲ್ಲಿಸಬೇಕು ಎಂಬ ನಿಯಮವನ್ನು ಮೊದಲೇ ಮಾಡಿಕೊಳ್ಳದೆ ಆಡಿದ್ದರಿಂದ, ಪ್ರಶ್ನೆ ಬಂದಾಗ ಸಭೆಯಲ್ಲಿ ಭೀಷ್ಮನಂತಹ ಹಿರಿಯನೂ ನಿಶ್ಚಯವಾಗಿ ಉತ್ತರ ಹೇಳಲಾರದೆ ಹೋದನು. ಆಟದ ಕಟ್ಟಳೆ ಮೌನವಾದ ಕಡೆ ಬಲವುಳ್ಳವನ ಬಾಯಿ ಮಾತನಾಡುವುದು. ಮನೆಯ ಜಗಲಿಯಲ್ಲಿಯೂ ಹಾಗೆಯೆ. ಕಟ್ಟಳೆ ಇಲ್ಲದ ಆಟದಲ್ಲಿ ದೊಡ್ಡ ಅಣ್ಣ ಹೇಳಿದ್ದೇ ನ್ಯಾಯ, ಚಿಕ್ಕ ತಂಗಿಗೆ ಕಣ್ಣೀರೇ ಪಾಲು. ಆದುದರಿಂದ ಜಗಳ ಹುಟ್ಟುವ ಸ್ಥಳಗಳಲ್ಲಿ, ಅದರಲ್ಲಿಯೂ ಸೋತವರಿಗೆ ಏನಾಗುವುದೆಂಬ ಸ್ಥಳದಲ್ಲಿ, ಕಟ್ಟಳೆ ಸ್ಪಷ್ಟವಾಗಿ ಮೊದಲೇ ಇರತಕ್ಕದ್ದು.

ಇಷ್ಟರಿಂದ ಒಂದು ತತ್ತ್ವವನ್ನು ಎತ್ತಿಕೊಂಡು ನಮ್ಮ ಸೀಮೆಯ ಸಂಗತಿಯೊಂದಕ್ಕೆ ಹಚ್ಚಿ ನೋಡೋಣ. ಆಲೂರು, ಸಕಲೇಶಪುರ, ಅರಕಲಗೂಡು ತಾಲ್ಲೂಕುಗಳಲ್ಲಿ ಕಾಡಾನೆ ಹೊಲಕ್ಕೆ ಬರುವುದು ಕಟ್ಟುಕಥೆಯಲ್ಲ. ಡ್ರಾಗನ್ನು ನಮ್ಮ ಮಕ್ಕಳು ಕಾಣದ ಪ್ರಾಣಿ. ಆನೆಯಾದರೋ ನಾಳೆ ಬೆಳಗ್ಗೆ ಶಾಲೆಯ ದಾರಿಯಲ್ಲಿ ನಿಂತಿರಬಹುದಾದ ಪ್ರಾಣಿ. ಆದುದರಿಂದ “ಆನೆ ಬಂತು” ಎಂಬ ಪಾತ್ರದಾಟವೊಂದನ್ನು ನಾವೇ ಕಟ್ಟುವುದಾದರೆ ಕಟ್ಟಳೆ ಹೇಗಿರಬೇಕು? ಪಾತ್ರಗಳು: ಹೊಲದ ಯಜಮಾನ, ಅವನ ಹೆಂಡತಿ, ಶಾಲೆಯ ಹುಡುಗಿ, ಅರಣ್ಯ ಇಲಾಖೆಯ ಕಾವಲುಗಾರ. ಹೊತ್ತು: ಭತ್ತ ತೆನೆಗಟ್ಟಿದ ಒಂದು ರಾತ್ರಿ.

ಮೊದಲು ಎಲ್ಲ ಸಂಗತಿಗಳನ್ನೂ ಪಟ್ಟಿ ಮಾಡೋಣ: ಆನೆಯ ತೂಕ, ವಯಸ್ಸು, ಹಸಿವು, ಗಾಳಿಯ ದಿಕ್ಕು, ಬೆಳದಿಂಗಳು, ನೆಲದ ಕೆಸರು, ಬೆಳೆಯ ಬೆಲೆ, ಮನುಷ್ಯನ ಓಟದ ವೇಗ. ಈಗ ಒಂದೊಂದನ್ನೂ ನಿಲ್ಲಿಸಿ, “ನೀನು ಬಂದರೆ ಆಡುವವನ ತೀರ್ಮಾನ ಬದಲಾಗುವುದೆ?” ಎಂದು ಕೇಳೋಣ. ತೂಕ ಮೂರು ಟನ್ನೋ ನಾಲ್ಕು ಟನ್ನೋ ಎಂಬುದರಿಂದ ಯಾರೂ ಬೇರೆ ದಾರಿ ಹಿಡಿಯರು, ಅದು ಹೋಗಲಿ. ಗಾಳಿಯ ದಿಕ್ಕಿನಿಂದ ಆನೆಗೆ ನಮ್ಮ ವಾಸನೆ ತಿಳಿಯುವುದು. ಯಾವ ಬದಿಯಲ್ಲಿ ನಿಲ್ಲಬೇಕೆಂಬುದು ಬದಲಾಗುವುದು. ಅದು ಇರಲಿ, ಆದರೆ ಒಂದು ಕಡ್ಡಿಯನ್ನು ಮೇಜಿನ ಮೇಲೆ ದಿಕ್ಕಿಗಿಟ್ಟರೆ ಸಾಕು. ಬೆಳದಿಂಗಳು ಉಂಟು ಅಥವಾ ಇಲ್ಲ ಎಂಬ ಎರಡೇ ಸ್ಥಿತಿ ಸಾಕು. ಬೆಳೆಯ ಬೆಲೆ ಮಾತ್ರ ಇರಲೇಬೇಕು. ಏಕೆಂದರೆ ಯಜಮಾನನನ್ನು ಕತ್ತಲೆಯಲ್ಲಿ ಹೊರಕ್ಕೆ ಎಳೆಯುವುದು ಅದೇ. ಅದನ್ನು ಬಿಟ್ಟರೆ ಮನೆಯೊಳಗೆ ಕುಳಿತಿರುವುದೇ ಬುದ್ಧಿವಂತಿಕೆಯಾಗಿ ಆಟವೇ ಇಲ್ಲವಾಗುವುದು. ಅದಕ್ಕಿಂತ ಹೆಚ್ಚಾಗಿ, ಬಡ ರೈತನ ಕಷ್ಟವನ್ನು ಅಳಿಸಿದಂತಾಗುವುದು.

ದಾಳಕ್ಕೆ ನಮ್ಮ ನಾಲ್ಕು ಕವಡೆಗಳೇ ಸಾಕು. ಅಪಾಯದ ಕೆಲಸಕ್ಕೆ ಮೂರಾದರೂ ಅಂಗಾತ ಬಿದ್ದರೆ ಸಿದ್ಧಿ. ಕವಡೆ ಅಂಗಾತವೂ ಬೋರಲೂ ಸಮನಾಗಿ ಬೀಳುವುದೆಂದು ಇಟ್ಟುಕೊಂಡರೆ, ಒಂಟಿಯಾಗಿ ಹೋದವನಿಗೆ ೧೬ರಲ್ಲಿ ೫ ಸಲ ಮಾತ್ರ ಕಾರ್ಯ ಸಾಧಿಸುವುದು. ಜೊತೆಗಾರನಿದ್ದರೆ ಎರಡು ಸಲ ಹಾಕಿ ಒಳ್ಳೆಯದನ್ನು ಹಿಡಿಯಲಿ. ಆಗ ೨೫೬ರಲ್ಲಿ ೧೩೫, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು. ಮಗುವಿಗೆ ಈ ಭಿನ್ನರಾಶಿಯನ್ನು ಹೇಳಬೇಕಾಗಿಲ್ಲ. ಒಂಟಿಯಾಗಿ ಹೋಗಬಾರದೆಂದು ಅದರ ಕೈಯೇ ಕಲಿಯುವುದು.

ಇಲ್ಲಿಯವರೆಗೆ ಲಾಘವವಾಯಿತು. ಲಾಘವಕ್ಕೆ ಎಡೆಕೊಡಬಾರದ ಸ್ಥಳ ಇನ್ನು ಮುಂದೆ. ಕವಡೆ ತಪ್ಪಿ ಬಿದ್ದಾಗ ಏನಾಗುವುದು? “ಎರಡು ಅಂಕ ಕಳೆದುಕೊಂಡು, ಎದ್ದು ಮತ್ತೆ ಓಡುವನು” ಎಂಬ ಕಟ್ಟಳೆ ಬಹಳ ಸುಲಭ; ಆದರೆ ಅದು ಸುಳ್ಳು. ಆನೆಯ ಕಾಲ್ಕೆಳಗೆ ಸಿಕ್ಕವನು ಎದ್ದು ಓಡುವುದಿಲ್ಲ. ಪಟಾಕಿ ಹಚ್ಚಿದರೆ ಆನೆ ತಪ್ಪದೆ ಓಡುವುದೆಂಬ ಕಟ್ಟಳೆಯೂ ಸುಲಭ, ಅದೂ ಸುಳ್ಳು. ಮೈಸೂರು ದಸರೆಯಲ್ಲಿ ಚಿ‌ನ್ನದ ಅಂಬಾರಿಯನ್ನು ಎಂಟು ಸಲ ಹೊತ್ತ ಅರ್ಜುನನೆಂಬ ಪಳಗಿದ ಆನೆ ೨೦೨೩ರ ಡಿಸೆಂಬರ್ ೪ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆಯನ್ನು ಹಿಡಿಯುವ ಕಾರ್ಯದಲ್ಲಿ, ಅದರೊಡನೆ ಹೋರಾಡಿ ಸತ್ತಿತು. ಮಾವುತರೂ ವೈದ್ಯರೂ ಇದ್ದ ಕಡೆಯೇ ಹೀಗಾಗುವುದಾದರೆ, ಒಂದು ಸಿಡಿಮದ್ದಿನ ಸದ್ದಿಗೆ ಗೆಲವನ್ನು ಬರೆದಿಡುವ ಆಟ ಮಗುವಿಗೆ ಏನನ್ನು ಕಲಿಸಿದಂತಾಯಿತು?

ಹುಲಿಕುರಿಯಾಟದ ಕಟ್ಟಳೆಯನ್ನು ಇಲ್ಲಿಗೆ ಎತ್ತಿ ತರುವುದೂ ಅಪಾಯ. ಅಲ್ಲಿ ಸುತ್ತುಗಟ್ಟುವುದು ಗೆಲವು. ಇಲ್ಲಿ ಸುತ್ತುಗಟ್ಟುವುದು ಮರಣ. ಆನೆಗೆ ದಾರಿ ಬಿಟ್ಟರೆ ಹೋಗಬಹುದು, ದಾರಿ ಕಟ್ಟಿದರೆ ತಿರುಗಿಬೀಳುವುದು. ಈ ಒಂದು ಸಾಲನ್ನು ಕಟ್ಟಳೆಯಾಗಿ ಬರೆದರೆ ಆನೆಯ ಸ್ವಭಾವದ ಬಗ್ಗೆ ಹತ್ತು ಪುಟ ಬರೆದುದಕ್ಕಿಂತ ಮೇಲು. ಆನೆಯನ್ನು ಕೊಂದು ಗೆಲ್ಲುವ ಕಟ್ಟಳೆ ಬೇಡವೇ ಬೇಡ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಅದಕ್ಕಿದೆಯೆಂಬುದು ಒಂದು ಕಾರಣ. ಅದು ವೈರಿಯಲ್ಲ, ಹಸಿದು ಬಂದ ಪ್ರಾಣಿ ಎಂಬುದು ಮತ್ತೊಂದು. ಬೆಳಗಾಗುವವರೆಗೆ ಮನೆಮಂದಿಯೆಲ್ಲ ಉಳಿದು, ಭತ್ತ ಎಷ್ಟು ಉಳಿಯಿತೋ ಅಷ್ಟೇ ಈ ಆಟದ ಗೆಲವು.

ಹೀಗೆ ನೋಡಿದರೆ ದಿಟ, ಸುಲಭ ಎಂಬ ಎರಡು ಪಕ್ಷಗಳ ಜಗಳ ಬಹುಮಟ್ಟಿಗೆ ತಪ್ಪಿದ ಸ್ಥಳದಲ್ಲಿ ನಡೆಯುತ್ತಿದೆಯೆಂದು ನಮಗೆ ತೋರುವುದು. ದಿಟವೆಂದರೆ ಎಲ್ಲವನ್ನೂ ಎಣಿಸುವುದಲ್ಲ. ಎಣಿಕೆಯಲ್ಲಿ ಎಷ್ಟು ಲಾಘವ ಮಾಡಿದರೂ ಆಟಕ್ಕೆ ಕುಂದಿಲ್ಲ. ಫಲದಲ್ಲಿ ಸುಳ್ಳು ಹೇಳಿದರೆ ಮಾತ್ರ ಕುಂದು. ಮಾಡಿದ್ದಕ್ಕೆ ತಕ್ಕ ಫಲ ಬರುವುದೆಂಬ ನಂಬಿಕೆ ಆಟದಲ್ಲಿ ಉಳಿದರೆ, ಒಂದೇ ಪುಟದ ಕಟ್ಟಳೆಯೂ ಲೋಕವನ್ನು ಕಲಿಸಬಲ್ಲುದು. ಅದು ಹೋದರೆ ಮುನ್ನೂರು ಪುಟದ ಪುಸ್ತಕವೂ ಬರಿಯ ಕೂಡುವ ಕಳೆಯುವ ಲೆಕ್ಕ.

ಮನೆಯಲ್ಲಿ ಮಕ್ಕಳು ಹೊಸ ಆಟವನ್ನು ತಂದಾಗ ಹಿರಿಯರು ಪರೀಕ್ಷಿಸಬಹುದಾದ ಮೂರು ಮಾತುಗಳನ್ನು ಹೇಳಿ ಮುಗಿಸುವೆವು. ಮನೆಯ ಅತಿ ಹಿರಿಯರಿಗೂ ಅತಿ ಕಿರಿಯರಿಗೂ ಒಂದೇ ಸಲ ಹೇಳಿ ಆಟಕ್ಕೆ ಕೂಡಿಸಲು ಸಾಧ್ಯವೆ? ಆಗದಿದ್ದರೆ ಕಟ್ಟಳೆಗಳನ್ನು ಒಂದೊಂದಾಗಿ ತೆಗೆದು ನೋಡಲಿ. ತೆಗೆದರೂ ಆಡುವವರ ತೀರ್ಮಾನ ಬದಲಾಗದ ಕಟ್ಟಳೆ ಮತ್ತೆ ಬರಬೇಕಾಗಿಲ್ಲ. ಜಗಳ ಹುಟ್ಟುವ ಕಡೆ ನ್ಯಾಯ ಯಾರದು, ಸೋತವರಿಗೆ ಏನಾಗುವುದು ಎಂಬುದನ್ನು ಕವಡೆ ಎತ್ತುವ ಮೊದಲೇ ಮಾತಾಡಿಕೊಂಡಿದ್ದಾರೆಯೆ? ಕೊನೆಯದಾಗಿ, ಈ ಆಟವನ್ನು ನಂಬಿದ ಮಗು ನಾಳೆ ಹೊಳೆಯ ಬಳಿಯೋ ಹೊಲದ ಬದುವಿನಲ್ಲೋ ನಿಂತಾಗ, ಆಟದಲ್ಲಿ ಕಲಿತದ್ದು ಅದನ್ನು ಕಾಯುವುದೆ, ಕೈಬಿಡುವುದೆ? ಈ ಮೂರಕ್ಕೂ ಒಪ್ಪುವ ಉತ್ತರ ಬಂದರೆ, ಆಟ ಅಮೆರಿಕದ್ದಾದರೇನು, ಅರಕಲಗೂಡಿನದಾದರೇನು? ಮುಂದಿನ ಶಿವರಾತ್ರಿಯ ಜಾಗರಣೆಗೆ ಪಗಡೆಯ ಹಾಸಿನ ಪಕ್ಕದಲ್ಲಿ ಅದಕ್ಕೂ ಒಂದು ಚಾಪೆ ಹಾಸಲಿ. ಅಜ್ಜಿಯೂ ಒಂದು ಪಾತ್ರವನ್ನು ವಹಿಸಲಿ.